ಕೂಲಿ ಇಲ್ಲದ ದಿನದ ಕ್ವಿನೈನ್

ಮೆಣಸಿನ ದರ ಬಿದ್ದ ವರ್ಷ ನಮ್ಮ ಎಸ್ಟೇಟಿನಲ್ಲಿ ಸತ್ತವನು ಒಬ್ಬನೇ ಒಬ್ಬ. ನಾನು ನಡುವೆ ಕೈ ಹಾಕದೆ ಇದ್ದಿದ್ದರೆ ಅವನೂ ಸಾಯುತ್ತಿರಲಿಲ್ಲ. ಅಂದರೆ, ನಮ್ಮ ಪುಸ್ತಕದಲ್ಲಿ ಸಾಯುತ್ತಿರಲಿಲ್ಲ. ಬಸ್ಸು ಹತ್ತಿ ಊರಿಗೆ ಹೋಗಿ ಅಲ್ಲಿ ಬೇರೆ ಯಾರದೋ ಪುಸ್ತಕದಲ್ಲಿ ಸಾಯುತ್ತಿದ್ದ.

ಇದನ್ನು ಬರೆಯುತ್ತಿರುವುದು ಮೂರನೇ ಸಲ. ಮೊದಲ ಸಲ ಬರೆದಾಗ ಎಸ್ಟೇಟಿನ ಧಣಿ, ನಮ್ಮ ಸಾವುಕಾರರು, ಕಟುಕರಾಗಿದ್ದರು. ಎರಡನೇ ಸಲ ನಾನು ಬಹಳ ನೊಂದವನಾಗಿದ್ದೆ, ಪುಟಕ್ಕೊಂದು ನಿಟ್ಟುಸಿರು. ಎರಡನ್ನೂ ಹರಿದೆ. ಸಾವುಕಾರರು ಕಟುಕರಲ್ಲ. ನಾನು ನೊಂದಿರಲೂ ಇಲ್ಲ. ಆ ಬೇಸಿಗೆಯ ಬಹುಪಾಲು ಸಿಡಿಮಿಡಿಗುಟ್ಟುತ್ತಾ ಓಡಾಡಿದೆ. ನೆನಪು ಇಷ್ಟು ವರ್ಷಗಳಲ್ಲಿ ಎಲ್ಲರಿಗೂ ಇಸ್ತ್ರಿ ಮಾಡಿದ ಅಂಗಿ ತೊಡಿಸಿಬಿಟ್ಟಿದೆ. ಅದನ್ನು ಬಿಚ್ಚಿಸಲು ಹೋದರೆ ಗುಂಡಿ ಕಿತ್ತು ಬರುತ್ತದೆ.

ಕೊಡಗು ಆಗ ತನ್ನದೇ ರಾಜ್ಯ. ಮಡಿಕೇರಿಯಲ್ಲೇ ಮಂತ್ರಿಗಳು ಇದ್ದರು, ಪೇಟೆಯಲ್ಲಿ ಎದುರಾದರೆ ನಮಸ್ಕಾರ ಹೇಳಬಹುದಿತ್ತು. ಮಾದಾಪುರದಿಂದ ಎರಡು ಮೈಲಿ ಒಳಗೆ ನಡೆದರೆ ಸಿಗುವ ಎಸ್ಟೇಟೊಂದರಲ್ಲಿ ನಾನು ಕಂಪೌಂಡರ್. ನನ್ನ ಮನೆಯವರು ಹಾಸನದ ಕಡೆಯಿಂದ ಬಂದು ಫ್ರೇಸರ್‌ಪೇಟೆಯ ಹತ್ತಿರ, ಈಗ ಕುಶಾಲನಗರ ಎನ್ನುವ ಊರಿನ ಹತ್ತಿರ, ಗದ್ದೆ ಮಾಡಿಕೊಂಡವರು. ನನಗೆ ಇಪ್ಪತ್ತಮೂರು ವರ್ಷ. ಮಡಿಕೇರಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಸೀಸೆ ತೊಳೆಯುವುದರಿಂದ ಶುರುಮಾಡಿ ಮದ್ದು ಬೆರೆಸುವಷ್ಟು ಕಲಿತಿದ್ದೆ. ಲೈನಿನ ಜನ, ಅಂದರೆ ಸಾಲುಮನೆಗಳಲ್ಲಿದ್ದ ಕೆಲಸಗಾರರು, ನನ್ನನ್ನು ಡಾಕ್ಟ್ರಣ್ಣ ಎನ್ನುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ನನ್ನ ಮುಖ್ಯ ಕೆಲಸ ಬೆಳಗಿನ ಹೊತ್ತಿನದು. ಕಾಫಿ ಒಣಗಿಸುವ ಕಣದಲ್ಲಿ ಜನ ಸಾಲಾಗಿ ನಿಲ್ಲುತ್ತಿದ್ದರು. ತೋಟದ ಗುಮಾಸ್ತರಾದ ರೈಟರು ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಹಿಡಿದು ಹೆಸರು ಕೂಗುತ್ತಿದ್ದರು. ಹೆಸರಿಗೆ ಓಗೊಟ್ಟವರು ನೇರ ನನ್ನ ಮೇಜಿಗೆ ಬರಬೇಕು. ನಾನು ಅಳತೆಯ ಲೋಟದಲ್ಲಿ ಕ್ವಿನೈನ್ ನೀರು ಬಗ್ಗಿಸಿ ಕೊಡಬೇಕು, ಅವರು ಕುಡಿದು ಬಾಯಿ ತೆರೆದು ನಾಲಗೆ ಎತ್ತಿ ತೋರಿಸಬೇಕು, ಆಮೇಲೆ ಒಂದು ಚೂರು ಬೆಲ್ಲ. ಆಗಷ್ಟೇ ರೈಟರು ಹೆಸರಿನ ಮುಂದೆ ಪೆನ್ಸಿಲ್ ಎಳೆಯುತ್ತಿದ್ದರು. ಕುಡಿಯದಿದ್ದರೆ ಹಾಜರಿ ಇಲ್ಲ. ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಮಲೇರಿಯಾಕ್ಕೆ ಆ ಸುತ್ತಿನ ತೋಟಗಳಲ್ಲಿ ಆಗ ಇದ್ದ ಉಪಾಯ ಅದೇ. ಡಿಡಿಟಿ ಹೊಡೆಯುವವರು ಮಡಿಕೇರಿಯ ಆಸುಪಾಸು ಮುಗಿಸಿದ್ದರಂತೆ, ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ.

ಒಳ್ಳೆಯ ಉಪಾಯ. ಅದನ್ನು ಮಾಡಿದವರಿಗೆ ತಲೆ ಇತ್ತು. ಮನೆಮನೆಗೆ ಹೋಗಿ ಬೇಡಿದರೆ ಯಾರೂ ಕುಡಿಯದ ಮದ್ದನ್ನು ಕೂಲಿಯ ಬಾಲಕ್ಕೆ ಕಟ್ಟಿದ್ದರು. ಕೂಲಿಯೇ ನಿಂತರೆ ಏನಾಗುತ್ತದೆ ಎಂದು ಮಾತ್ರ ಅವರೂ ಯೋಚಿಸಿರಲಿಲ್ಲ, ನಾನೂ ಯೋಚಿಸಲಿಲ್ಲ.

ಸಾಲಿನಲ್ಲಿ ಅರಕಲಗೂಡಿನ ಕಡೆಯ ಒಬ್ಬ ಹೆಂಗಸಿದ್ದಳು. ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಅವನು ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಬಿಡಿಸುವುದರಲ್ಲಿ ನಿಪುಣ, ಮಾತು ಕಡಿಮೆ. ಅವಳು ಅವನ ಪಾಲನ್ನೂ ಆಡುತ್ತಿದ್ದಳು.

"ಡಾಕ್ಟ್ರಣ್ಣ, ಇವತ್ತೇನು ಬೇವಿನ ಮರ ಹಿಂಡ್ಕೊಂಡ್ ಬಂದಿದೀರಾ?"

"ಕುಡಿ ಸುಮ್ಮನೆ."

"ನೀವೊಂದ್ ಗುಟುಕು ಕುಡುದ್ ತೋರ್ಸಿ. ಆಮೇಲ್ ನಾನ್ ಕುಡೀತೀನಿ."

ಹಿಂದಿನವರು ನಗುತ್ತಿದ್ದರು. ನಾನು ಒಂದು ಸಲವೂ ಕುಡಿದು ತೋರಿಸಲಿಲ್ಲ.

ಮೆಣಸಿನ ದರ ಹೇಗೆ ಬಿತ್ತು ಎಂಬುದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಎಲ್ಲೋ ಒಂದು ಯುದ್ಧ ನಡೆಯುತ್ತಿದ್ದಾಗ ಏರಿತ್ತು, ಆಮೇಲೆ ಇಳಿಯಿತು ಎಂದು ಸಾವುಕಾರರು ಹೇಳುತ್ತಿದ್ದರು. ಏರಿದಾಗ ಅವರು ಪಕ್ಕದ ತೋಟ ಕೊಂಡಿದ್ದರು, ಲಾರಿ ಕೊಂಡಿದ್ದರು. ಇಳಿದಾಗ ಮೂಟೆಗಳನ್ನು ಗೋಡೌನಿನಲ್ಲಿಟ್ಟು ದಿನಾ ಸಂಜೆ ರೇಡಿಯೋದ ಮುಂದೆ ಕೂತರು. ಲಾರಿ ಟೈರು ಬಿಚ್ಚಿಕೊಂಡು ಮರದ ದಿಮ್ಮಿಗಳ ಮೇಲೆ ನಿಂತಿತು. ಬಳ್ಳಿಯ ಮೇಲಿದ್ದ ಮೆಣಸನ್ನು ಬಿಡಿಸುವ ಕೂಲಿಯೂ ಗಿಟ್ಟುವುದಿಲ್ಲವೆಂದು ಅರ್ಧ ತೋಟ ಹಾಗೆಯೇ ಒಣಗಿತು. ಅವರ ಮನೆಯಲ್ಲೂ ಮಾಂಸದ ಸಾರು ಭಾನುವಾರಕ್ಕೆ ಮಾತ್ರ ಎಂದು ಅಡಿಗೆಯವಳು ಹೇಳಿದಳು.

ಮೊದಲು ನಿಂತದ್ದು ಬೆಲ್ಲ. ಆಮೇಲೆ ಕೆಲಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದರು. ಯಾರನ್ನೂ ತೆಗೆಯಲಿಲ್ಲ. ಅದನ್ನು ಅವರು ದೊಡ್ಡ ಧರ್ಮವೆಂದು ನಂಬಿದ್ದರು. ಪಕ್ಕದ ತೋಟಗಳು ಅರ್ಧ ಜನರನ್ನು ಓಡಿಸಿದ್ದವು, ಆದ್ದರಿಂದ ಅದು ಧರ್ಮವೇ ಆಗಿತ್ತು ಎಂದು ನಾನೂ ಒಪ್ಪಬೇಕಾಗುತ್ತದೆ.

ಕೆಲಸವಿಲ್ಲದ ದಿನ ಹಾಜರಿ ಇಲ್ಲ. ಹಾಜರಿ ಇಲ್ಲದ ದಿನ ನನ್ನ ಮೇಜೂ ಇಲ್ಲ. ನಾನು ಏಳು ಗಂಟೆಯವರೆಗೆ ಮಲಗಿದೆ, ಹರಕು ಪತ್ರಿಕೆಗಳನ್ನು ಓದಿದೆ, ಕವಿತೆ ಬರೆದೆ. ಎಷ್ಟು ವಾರ ಎಂದು ನೆನಪಿಲ್ಲ. ಎರಡೇ ಎರಡು ವಾರ ಎಂದು ಬರೆಯಲು ಕೈ ಹೋಗುತ್ತದೆ. ಅಷ್ಟು ಕಡಿಮೆ ಇರಲಿಕ್ಕಿಲ್ಲ. ಕವಿತೆಗಳು ಬಹಳ ಇದ್ದವು.

ಆಗಲೇ ಮಡಿಕೇರಿಯಿಂದ ಆರೋಗ್ಯದ ಇನ್‌ಸ್ಪೆಕ್ಟರರು ಬಂದರು. ನನ್ನ ಪುಸ್ತಕ ತಿರುವಿದರು. ಹಾಜರಾದವರೆಲ್ಲರಿಗೂ ಮದ್ದು ಕೊಡಲಾಗಿದೆ ಎಂದು ದಿನವೂ ಬರೆದಿದ್ದೆ, ಅದು ಪೂರಾ ನಿಜ. ಹಿಂದಿನ ವರ್ಷ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವರಿದ್ದರು, ಒಬ್ಬ ಸತ್ತಿದ್ದ. ಈ ವರ್ಷ ಯಾರೂ ಬಿದ್ದಿರಲಿಲ್ಲ. ಕುಡಿದು ಹೊಡೆದಾಡಿ ತಲೆ ಒಡೆದುಕೊಂಡು ಬರುವವರೂ ಇಲ್ಲ.

"ಭೇಷ್! ದುಡ್ಡು ಕಡಿಮೆ ಆದ್ರೆ ಆರೋಗ್ಯ ಸುಧಾರಿಸ್ತದೆ ಅನ್ನೋದಕ್ಕೆ ನಿಮ್ಮ ತೋಟಾನೇ ಸಾಕ್ಷಿ ಕಣ್ರೀ," ಎಂದರು ಇನ್‌ಸ್ಪೆಕ್ಟರರು. "ಏಣಿ ಹತ್ತೋದಿಲ್ಲ, ಸಾರಾಯಿ ಅಂಗಡೀನೂ ಹತ್ತೋದಿಲ್ಲ."

'ತೃಪ್ತಿಕರ' ಎಂದು ಬರೆದು ಸಹಿ ಹಾಕಿದರು. ನನಗೆ ಸಿಟ್ಟು ಬರುವುದು ಅವರು ಹೇಳಿದ್ದು ಸುಳ್ಳು ಎಂಬ ಕಾರಣಕ್ಕಲ್ಲ. ಅದು ಸುಳ್ಳಾಗಿರಲಿಲ್ಲ. ಏಣಿಗಳು ಗೋಡೆಗೆ ಒರಗಿಕೊಂಡೇ ಇದ್ದವು, ಯಾರ ಸೊಂಟವೂ ಮುರಿಯಲಿಲ್ಲ. ಅವರು ಎಣಿಸಿದ್ದೆಲ್ಲ ಸರಿ ಇತ್ತು.

ಎಣಿಕೆಗೆ ಸಿಗದೇ ಹೋದವರು ಬಸ್ಸಿನಲ್ಲಿ ಹೋದವರು. ಎಸ್ಟೇಟಿನಲ್ಲಿ ಒಂದು ಪದ್ಧತಿ ಇತ್ತು. ಜ್ವರ ಬಂದು ಹಾಜರಿ ತಪ್ಪಿದವನ ಹೆಸರಿಗೆ ರೈಟರು ಕೆಂಪು ಗೆರೆ ಎಳೆಯಬೇಕು, ಬಸ್ಸಿನ ಖರ್ಚು ಕೊಟ್ಟು, ಒಂದು ಗಂಟು ಅಕ್ಕಿ ಕಟ್ಟಿ ಊರಿಗೆ ಕಳಿಸಬೇಕು. "ಅವರ ಜನ ಅವರನ್ನ ನೋಡ್ಕೊಳ್ಳಲಿ. ಇಲ್ಲಿ ಲೈನಲ್ಲಿ ಬಿದ್ದಿದ್ರೆ ಯಾರು ಕಂಜಿ ಕಾಯ್ಸಿ ಕೊಡೋದು?" ಎನ್ನುತ್ತಿದ್ದರು ಸಾವುಕಾರರು. ಅದರಲ್ಲೂ ತಪ್ಪು ಹುಡುಕುವುದು ಸುಲಭವಲ್ಲ. ಆ ಬೇಸಿಗೆ ಹಾಗೆ ಹೊರಟವರು ಹೆಚ್ಚಾದರು. ನಾನೇ ತೋಳು ಹಿಡಿದು ಕೆಲವರನ್ನು ಬಸ್ಸಿಗೆ ಹತ್ತಿಸಿದೆ. ಅವರೆಲ್ಲ ಏನಾದರು ಎಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾದ ಪುಸ್ತಕ ಎಲ್ಲಿಯೂ ಇರಲಿಲ್ಲ.

ಒಂದು ಕೆಲಸವಿಲ್ಲದ ದಿನ ಆ ಅರಕಲಗೂಡಿನ ಹೆಂಗಸು ಡಿಸ್ಪೆನ್ಸರಿಯ ಮೆಟ್ಟಿಲಿಗೆ ಬಂದಳು. ತಮಾಷೆ ಇರಲಿಲ್ಲ.

"ಅವ್ರಿಗೆ ನಡುಕ ಬತ್ತಾ ಐತೆ."

"ಎಷ್ಟು ದಿನದಿಂದ?"

"ಎಂಟೊಂಬತ್ತು ದಿಸ ಆಯ್ತು."

"ಮೊನ್ನೆ ಹಾಜರಿಗೆ ಬಂದಿದ್ದನಲ್ಲ?"

"ಬಂದ್ರು. ನಿಮ್ ನೀರು ಕುಡುದ್ರು. ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆ ಹಿಂದ್ಗಡೆ ಹೋಗಿ ಮಲಿಕ್ಕಂಡ್ರು. ಅವ್ರ ಸಾಲೂ ನಾನೇ ಕಳೆ ತೆಗ್ದೆ."

ಹೇಗೆ ಬಂತು ಎಂದು ನಾನು ಬೆಪ್ಪನಂತೆ ಕೇಳಿದೆ. ಮದ್ದು ತಪ್ಪದೆ ಕುಡಿದಿದ್ದಾನೆ, ನನ್ನ ಪುಸ್ತಕದಲ್ಲಿ ಇದೆ ಎಂದೆ.

ಅವಳು ನನ್ನನ್ನು ನೋಡಿದ್ದು ಮಾತ್ರ ನನಗೆ ಖಾತ್ರಿಯಾಗಿ ನೆನಪಿದೆ.

"ಕೆಲ್ಸ ಇಲ್ಲ ಅಂತ ಸೊಳ್ಳೆಗೂ ಹೇಳಿ ಕಳ್ಸಿದೀರೇನಣ್ಣ?" ಎಂದಳು.

ಈಗ ಓದುವವರಿಗೆ ಇದು ಮೊದಲೇ ಹೊಳೆದಿರುತ್ತದೆ. ನನಗೆ ಹೊಳೆದಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಇಡೀ ಲೈನು ಮದ್ದಿಲ್ಲದೆ ಕೂತಿತ್ತು. ಅದೂ ಅರೆಹೊಟ್ಟೆಯಲ್ಲಿ. ನಾನು ಪ್ರಾಸ ಹೊಂದಿಸುತ್ತಿದ್ದೆ.

ಅವಳಿಗೆ ಬೇಕಾದದ್ದು ಎರಡು. ಗಂಡನ ಹೆಸರಿಗೆ ಕೆಂಪು ಗೆರೆ ಬೀಳಬಾರದು. ಊರಿನಲ್ಲಿ ಅವರಿಗೆ ನೋಡಿಕೊಳ್ಳುವವರು ಇರಲಿಲ್ಲ, ಇದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದರು. ಇನ್ನೊಂದು, ಎಲ್ಲ ದಿನವೂ ಮದ್ದು.

ರೈಟರ ಹತ್ತಿರ ಹೋದೆ. ಮಂಗಳೂರಿನ ಕಡೆಯವರು, ನನ್ನಪ್ಪನ ವಯಸ್ಸು. ಅವಳ ಗಂಡನ ಹೆಸರಿಗೆ ಗೆರೆ ಎಳೆಯಬೇಡಿ, ಕೆಲಸವಿಲ್ಲದ ದಿನವೂ ಜನರನ್ನು ಕಣಕ್ಕೆ ಕರೆಯಿರಿ ಎಂದೆ.

"ಎಂತ ಹೇಳ್ತೀರಿ ಮಾರಾಯ್ರೆ? ಹೆಸರು ಕೂಗಿದ್ರೆ ಹಾಜರಿ, ಹಾಜರಿ ಅಂದ್ರೆ ಕೂಲಿ. ನಾನು ಸುಮ್ಮನೆ ನಾಲಿಗೆ ತಿರುಗಿಸ್ಲಿಕ್ಕೆ ಕೂಗುದಾ?"

"ಹಾಗಾದರೆ ನಾನೇ ಲೈನಿಗೆ ಬಾಟಲಿ ತಗೊಂಡು ಹೋಗ್ತೀನಿ."

"ಮದ್ದಿನ ಬೀರುವಿನ ಬೀಗದಕೈ ಯಾರ ಹತ್ರ ಉಂಟು?"

ಸಾವುಕಾರರ ಹತ್ತಿರ ಇತ್ತು. ಅವರು ನನ್ನ ಮಾತು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ, ಕಾಫಿ ತರಿಸಿದರು.

"ನೋಡು, ಮೂರು ದಿನದ ಕೆಲಸ ಕೊಡ್ತಿದ್ದೇನೆ, ಮೂರು ದಿನದ ಮದ್ದು ಕೊಡ್ತಿದ್ದೇನೆ. ಮದ್ದಲ್ಲಿ ಏನಾದ್ರೂ ಮೋಸ ಮಾಡಿದ್ದೇನಾ?"

"ಜ್ವರ ಮೂರು ದಿನಕ್ಕೆ ಅಂತ ಬರೋದಿಲ್ಲ ಸಾರ್."

"ಬರುವ ತಿಂಗಳು ದರ ಏರ್ತದೆ. ಮತ್ತೆ ಎಲ್ಲ ಮೊದಲಿನ ಹಾಗೆ. ಸ್ವಲ್ಪ ತಡ್ಕೋ."

ಅವರು ತಡೆದುಕೊಂಡಿದ್ದರು, ನಾನೂ ತಡೆದುಕೊಳ್ಳಬೇಕೆಂದು ಅವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಫಿ ಚೆನ್ನಾಗಿತ್ತು. ಕುಡಿದು ಎದ್ದೆ.

ಮುಂದಿನ ಹಾಜರಿಯಲ್ಲಿ ಅವಳ ಗಂಡ ಕಣಕ್ಕೆ ಬರಲಾಗಲಿಲ್ಲ. ರೈಟರು ಅವನ ಹೆಸರು ಕೂಗಿದರು, ಕೂಗಿ ಆಕಾಶ ನೋಡಿದರು, ಬೇಸಿಗೆ ಮಳೆ ಬರುತ್ತದೋ ಏನೋ ಎಂಬಂತೆ. ಸಾಲಿನಿಂದ ಯಾವುದೋ ಗಂಡು ದನಿ ಓಗೊಟ್ಟಿತು. ರೈಟರು ಪೆನ್ಸಿಲ್ ಎಳೆದರು. ಅವನ ಪಾಲಿನ ಮದ್ದನ್ನು ನಾನು ಸೀಸೆಯಲ್ಲಿ ಮುಚ್ಚಿಟ್ಟುಕೊಂಡು ಲೈನಿಗೆ ಒಯ್ದೆ. ಕಣ್ಣು ಹಳದಿಯಾಗಿತ್ತು, ಮೂತ್ರ ಕಪ್ಪಗೆ ಹೋಗುತ್ತಿದೆ ಎಂದಳು. ಲೋಟದ ಮದ್ದಿನಿಂದ ಆಗುವ ಕೆಲಸ ಅಲ್ಲವೆಂದು ನನಗೂ ಗೊತ್ತಾಯಿತು. ಮಡಿಕೇರಿಯ ಆಸ್ಪತ್ರೆಗೆ ಚೀಟಿ ಬರೆದೆ: ಇವನು ನಮ್ಮ ಎಸ್ಟೇಟಿನ ಆಳು, ಚೆಕ್‌ರೋಲಿನಲ್ಲಿ ಹೆಸರಿದೆ, ನಿನ್ನೆಯವರೆಗೆ ಕೆಲಸಕ್ಕೆ ಹಾಜರಿದ್ದಾನೆ. ಮೂರರಲ್ಲಿ ಎರಡು ನಿಜ.

ಹಿಂದೆಲ್ಲ ಕಾಯಿಲೆಯವರು ಮೆಣಸಿನ ಮೂಟೆಗಳ ಮೇಲೆ ಕೂತು ಲಾರಿಯಲ್ಲಿ ಹೋಗುತ್ತಿದ್ದರು. ಈಗ ಲಾರಿ ದಿಮ್ಮಿಯ ಮೇಲಿತ್ತು. ಕಂಬಳಿಯನ್ನು ಗಳಕ್ಕೆ ಕಟ್ಟಿ ನಾಲ್ವರು ಹೊತ್ತು ರಸ್ತೆಗೆ ತಂದರು. ಸೋಮವಾರಪೇಟೆಯಿಂದ ಬಂದ ಬಸ್ಸು ತುಂಬಿತ್ತು, ನಿಲ್ಲಿಸಲಿಲ್ಲ. ಮರುದಿನದ ಬಸ್ಸು ಸಿಕ್ಕಿತು. ಆ ಒಂದು ದಿನದಿಂದ ವ್ಯತ್ಯಾಸವಾಯಿತೋ ಇಲ್ಲವೋ, ಯಾರನ್ನು ಕೇಳಲಿ? ಅವನು ಆಸ್ಪತ್ರೆಯಲ್ಲಿ ಮೂರನೇ ದಿನ ತೀರಿಕೊಂಡ. ಅವಳು ಅಲ್ಲೇ ಮಣ್ಣು ಮಾಡಿಸಿ ಹಿಂದಿರುಗಿದಳು. ಆಸ್ಪತ್ರೆಯಿಂದ ಎಸ್ಟೇಟಿಗೆ ಕಾಗದ ಬಂತು: ನಿಮ್ಮ ಆಳು ಮೃತನಾಗಿದ್ದಾನೆ.

ಸಾವುಕಾರರು ಕಾಗದ ಹಿಡಿದುಕೊಂಡೇ ಡಿಸ್ಪೆನ್ಸರಿಗೆ ಬಂದರು.

"ಇಡೀ ವರ್ಷ ಒಂದು ಸಾವಿಲ್ಲ ಅಂತ ಇನ್‌ಸ್ಪೆಕ್ಟರ್ ಬರ್ದು ಹೋಗಿದ್ರು. ನೀನು ಒಂದನ್ನು ಹುಡುಕಿ ತಂದ್ಯಲ್ಲ ಮಾರಾಯ!"

ಬೈದರು. ಬೈದು ಮುಗಿಸಿ ಬಾಗಿಲ ಹತ್ತಿರ ನಿಂತರು. ಆಮೇಲೆ ಜೇಬಿನಿಂದ ಬೀರುವಿನ ಬೀಗದಕೈ ತೆಗೆದು ನನ್ನ ಮೇಜಿನ ಮೇಲಿಟ್ಟರು. "ದಿನಾ ಕೊಡು. ಆದ್ರೆ ಹೆಸರು ಕೂಗ್ಬಾರ್ದು," ಎಂದರು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ನಾನು ಹರಿದು ಹಾಕಿದ ಎರಡನೇ ಬರಹ ಇಲ್ಲಿಗೇ ಮುಗಿದಿತ್ತು.

ಮಾರನೆಯ ದಿನ ಕೆಲಸ ಇರಲಿಲ್ಲ. ಬಾಟಲಿ, ಲೋಟ ಹಿಡಿದು ಲೈನಿಗೆ ಹೋದೆ. ಮೊದಲ ಬಾಗಿಲಲ್ಲಿ ಒಬ್ಬ ಮುದುಕ ಬೀಡಿ ಸೇದುತ್ತಿದ್ದ.

"ಇವತ್ತು ಕೆಲ್ಸ ಉಂಟಾ?"

"ಇಲ್ಲ."

"ಮತ್ತೆ ಇದು ಎಂತಕೆ?"

ಎರಡನೇ ಬಾಗಿಲಲ್ಲೂ ಅದೇ. ಮೂರನೆಯದರಲ್ಲಿ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ವರ್ಷಗಟ್ಟಲೆ ನಾವು ಅವರಿಗೆ ಕಲಿಸಿದ್ದೇನು? ಈ ನೀರು ಕೆಲಸಕ್ಕೆ ಕೊಡುವ ಸುಂಕ ಎಂದು. ಕಣಕ್ಕೆ ಬಾ, ಕಹಿ ಕುಡಿ, ಹೆಸರಿಗೆ ಗೆರೆ ಹಾಕಿಸಿಕೋ. ಜ್ವರದ ಮಾತನ್ನು ನಾನು ಒಂದು ದಿನವೂ ಆಡಿರಲಿಲ್ಲ. ಈಗ ಕೆಲಸವಿಲ್ಲದ ದಿನ ಸುಂಕ ಕೇಳಲು ಮನೆಬಾಗಿಲಿಗೆ ಬಂದಿದ್ದೆ. ಅವರು ಕೊಡಲಿಲ್ಲ. ಜ್ವರ ಬರುತ್ತದೆ, ಸಾಯುತ್ತೀರಿ ಎಂದು ಕೂಗಾಡಿದೆ.

"ಕೆಲ್ಸ ಕೊಡಿ, ಎರಡು ಲೋಟ ಕುಡೀತೇವೆ," ಎಂದ ಮುದುಕ.

ದಾರಿ ತೋರಿಸಿದವರು ರೈಟರು. ಮುಂದಿನ ರಜೆಯ ದಿನ ತಾವೇ ಲೈನಿನ ಅಂಗಳಕ್ಕೆ ಬಂದರು. ಎರಡೂ ಕೈ ಎತ್ತಿ ಎಲ್ಲರಿಗೂ ತೋರಿಸಿದರು: ಚೆಕ್‌ರೋಲ್ ಇಲ್ಲ, ಪೆನ್ಸಿಲ್ ಇಲ್ಲ. ಆಮೇಲೆ ಕಣದಲ್ಲಿ ಕೂಗುವ ರಾಗದಲ್ಲೇ ಬಾಯಿಪಾಠದಿಂದ ಹೆಸರು ಕೂಗಿದರು. ಕೂಗಿದ ಕೂಡಲೇ ಕಾಲುಗಳು ತಾವಾಗಿಯೇ ಎದ್ದು ಬಂದವು. ಓಗೊಟ್ಟರು, ಕುಡಿದರು, ನಾಲಗೆ ಎತ್ತಿ ತೋರಿಸಿದರು. ಸಾವುಕಾರರಿಗೆ ಇದು ಗೊತ್ತಿರಲಿಲ್ಲ. ಕೆಲವು ವಾರ ಹೀಗೆ ನಡೆಯಿತು. ಹೊಸ ಜ್ವರ ಕಡಿಮೆಯಾಯಿತು ಎಂದು ನನಗನ್ನಿಸಿತು. ಬರೆದಿಡಲಿಲ್ಲ, ಬರೆದರೆ ಹಾಜರಿಯಾಗುತ್ತಿತ್ತು.

ಅದನ್ನು ಕೆಡಿಸಿದವಳು ಅರಕಲಗೂಡಿನ ಆ ಹೆಂಗಸೇ. ಗಂಡ ಹೋದ ಮೇಲೆ ಅವಳನ್ನು ಲೈನಿನ ಅದೇ ಮನೆಯಲ್ಲಿ ಇನ್ನೊಬ್ಬ ಒಂಟಿ ಹೆಂಗಸಿನ ಜೊತೆ ಇರಿಸಿದ್ದರು. ಒಂದು ಬೆಳಿಗ್ಗೆ ಹೆಸರು ಕೂಗಿದಾಗ ಬಂದಳು, ಲೋಟ ತೆಗೆದುಕೊಳ್ಳಲಿಲ್ಲ.

"ಎಲ್ಲಿ ಪೆನ್ಸಲ್ಲು?" ಎಂದು ರೈಟರನ್ನು ಕೇಳಿದಳು.

"ಇದು ಬರೇ ಮದ್ದಿಗೆ ಮಾರಾಯ್ತಿ."

"ಕರುದ್ರಿ, ಬಂದಿವಿ. ಕುಡೀರಿ ಅಂದ್ರಿ, ಕುಡುದ್ವಿ. ದಿನಾ ಹಿಂಗೇ ಮಾಡ್ದಾಗ ಹಾಜರಿ ಅಂತಿದ್ರಿ. ಈಗ್ಯಾಕೆ ಅಲ್ಲ?"

"ಕೆಲಸ ಎಲ್ಲಿ ಮಾಡಿದ್ದೀರಿ?"

"ಕೆಲ್ಸ ಕೊಡ್ದೆ ಇರೋರು ನೀವು. ಬರೋದ್ ನಾವು ಬಂದಿವಿ."

ಸಾಲಿನಲ್ಲಿ ಗುಜುಗುಜು ಎದ್ದಿತು. ಅಂದು ಅರ್ಧ ಜನ ಲೋಟ ಮುಟ್ಟಲಿಲ್ಲ. ಸುದ್ದಿ ಮಧ್ಯಾಹ್ನದೊಳಗೆ ಸಾವುಕಾರರ ಬಂಗಲೆಗೆ ಮುಟ್ಟಿತು, ಸಂಜೆಯೊಳಗೆ ಹೆಸರು ಕೂಗುವುದು ನಿಂತಿತು. ರೈಟರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ನಾನು ಅವಳ ಬಾಗಿಲಿಗೆ ಹೋಗಿ ಜಗಳವಾಡಿದೆ. ನಿನ್ನ ಗಂಡ ಯಾತರಿಂದ ಸತ್ತ ಎಂಬುದು ನೆನಪಿದೆಯೋ ಇಲ್ಲವೋ ಎಂದೆ. ಹೇಳಬಾರದ ಮಾತು.

"ಮದ್ದಿಲ್ದೆ ಸತ್ತ ಅಂತೀರಾ?" ಎಂದಳು. "ವಾರಕ್ಕೆ ಮೂರು ದಿಸದ ಕೂಲಿ. ಅದ್ರಾಗೆ ಒಂದೊತ್ತು ಗಂಜಿ. ಆ ಮೈಯಾಗೆ ನಿಮ್ ನೀರು ಏನ್ ಮಾಡ್ತಿತ್ತು?"

"ನೀನು ಕುಡೀದೆ ಇದ್ದರೆ ನೀನೂ ಸಾಯ್ತೀಯ."

"ಹಾಜರಿ ಹಾಕ್ಲಿ, ಕುಡೀತೀನಿ. ಬಿಟ್ಟಿ ಕಹಿ ನಾನ್ ಕುಡ್ಯಾಕಿಲ್ಲ."

ಅವಳು ಸರಿಯೆಂದು ಈಗ ಬರೆಯುವುದು ಸುಲಭ. ಆಗ ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತ್ತು. ಬೀಗದಕೈ ನನ್ನ ಜೇಬಿನಲ್ಲಿತ್ತು, ಬೀರುವಿನ ತುಂಬ ಮದ್ದು ಇತ್ತು, ಕುಡಿಯುವ ಬಾಯಿ ಇರಲಿಲ್ಲ. ದಿನಾ ಬಾಟಲಿ ಹೊತ್ತುಕೊಂಡು ಹೋದೆ. ಕೆಲವರು ನನ್ನ ಮುಖ ನೋಡಿ ಅಯ್ಯೋ ಎನಿಸಿ ಕುಡಿದರು. ಕೆಲವರು ಇಲ್ಲ. ಅವಳು ಕೆಲಸದ ದಿನ ತಪ್ಪದೆ ಕುಡಿಯುತ್ತಿದ್ದಳು, ಉಳಿದ ದಿನ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು.

ಮಳೆಗಾಲಕ್ಕೆ ಮುಂಚೆ ಅವಳಿಗೂ ನಡುಕ ಬಂತು. ಜೊತೆಯ ಹೆಂಗಸು ಬಂದು ಕರೆದಳು. ಹೋದಾಗ ಎರಡು ಕಂಬಳಿಯ ಕೆಳಗೆ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ದೊಡ್ಡ ಅಳತೆಯಲ್ಲಿ ಮದ್ದು ಬಗ್ಗಿಸಿ ತಲೆ ಎತ್ತಿ ಹಿಡಿದೆ. ಅವಳು ತುಟಿ ಬಿಗಿದಳು. ಇನ್ನೊಬ್ಬಳು ಗಲ್ಲ ಹಿಡಿದಳು, ಆಗಲೂ ಬಿಡಲಿಲ್ಲ. ಮದ್ದು ಕತ್ತಿನ ಮೇಲೆ ಹರಿಯಿತು.

"ಕುಡಿಯೇ, ಕೈ ಮುಗೀತೀನಿ," ಎಂದೆ.

ಕಣ್ಣು ಅರ್ಧ ತೆರೆದಳು.

"ಇವತ್ತು ಕೆಲ್ಸ ಐತಾ?"

ಹೊರಗೆ ಲೈನಿನ ಜನರೆಲ್ಲ ಬಿಸಿಲಿನಲ್ಲಿ ಸುಮ್ಮನೆ ಕೂತಿದ್ದರು.

"ಐತೆ," ಎಂದೆ. "ಹಾಜರಿ ಹಾಕಿದಾರೆ. ನಿನ್ನ ಹೆಸರೂ ಬರೆದಿದಾರೆ."

ಅವಳು ಕುಡಿದಳು.